ಹಳೆಯ ಹಿಮಾಲಯದ ಚಿತ್ರಗಳಲ್ಲಿ ಆಕಾಶವೇಕೆ ಬಿಳಿ?

ಧಾರವಾಡದ ಪ್ರದರ್ಶನದಲ್ಲಿ ತಾವು ನೋಡಿದ 1860ರ ದಶಕದ ಹಿಮಾಲಯದ ಛಾಯಾಚಿತ್ರಗಳಲ್ಲಿ ಆಕಾಶವೆಲ್ಲ ಬರಿಯ ಬಿಳಿಯಾಗಿದ್ದುದು ಮಂಜಿನಿಂದಲೋ, ಚಿತ್ರ ಮಾಸಿದ್ದರಿಂದಲೋ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಎರಡೂ ಅಲ್ಲ. ಅಂದಿನ ಹಸಿ ಕೊಲೋಡಿಯನ್ ಗಾಜಿನ ಫಲಕವು (ಬೆಳಕಿಗೆ ಸ್ಪಂದಿಸುವ ಅಂಟು ಲೇಪ ಬಳಿದು, ಹಸಿಯಿರುವಾಗಲೇ ಚಿತ್ರ ತೆಗೆಯುತ್ತಿದ್ದ ಗಾಜು) ನೀಲಿ ಬೆಳಕಿಗೆ ವಿಪರೀತವಾಗಿ ಸ್ಪಂದಿಸಿ, ಹಸಿರು, ಕೆಂಪು ಬಣ್ಣಗಳಿಗೆ ಹೆಚ್ಚುಕಡಿಮೆ ಕುರುಡಾಗಿದ್ದುದರಿಂದ, ಕಣಿವೆಯ ದೇವದಾರು ಮರಗಳು ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿಯಾಗಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದವು. ಕೆಲವರು ಬೇರೊಂದು ಫಲಕದಿಂದ ಮೋಡಗಳನ್ನು ತಂದು ಸೇರಿಸುತ್ತಿದ್ದರು. ಅದನ್ನು ನಾನು ಮೋಸವೆನ್ನಲಾರೆ. ಫಲಕ ಒಣಗುವ ಮುನ್ನವೇ, ಅಂದರೆ ಸುಮಾರು 10-15 ನಿಮಿಷಗಳೊಳಗೆ, ಎಲ್ಲ ಕೆಲಸ ಮುಗಿಯಬೇಕಿದ್ದುದರಿಂದ ಬ್ರಿಟಿಷ್ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ 18,000 ಅಡಿಗೂ ಎತ್ತರದ ಮಣಿರಂಗ್ ಘಟ್ಟಕ್ಕೆ ಕತ್ತಲೆ ಡೇರೆ, ರಾಸಾಯನಿಕಗಳನ್ನು ಕೂಲಿಗಳಿಂದ ಹೊರಿಸಿಕೊಂಡು ಹೋಗಿದ್ದ (ಕಪ್ಪತಗುಡ್ಡಕ್ಕೆ ಟ್ರೈಪಾಡ್ ಹೊತ್ತೇ ನನಗೆ ಏದುಸಿರು ಬರುತ್ತದೆ). ಚಿತ್ರ ನಿಜಕ್ಕೂ ಮಾಸಿದ್ದರೆ ಬಿಳಿಯ ಭಾಗಗಳು ಹಳದಿಗಟ್ಟಿರುತ್ತವೆ.