ಮೊದಲು ಉತ್ತರಪತ್ರಿಕೆ ತರಿಸಿ

ಕುಮಟೆಯಿಂದ ಓದುಗರೊಬ್ಬರ ಪತ್ರ: ‘ವಯಸ್ಸು ನಲವತ್ತೊಂದು, ಹೊಲಿಗೆ ಕೆಲಸ. ಮಗಳು ಕಾಲೇಜು ಸೇರಿದ ವರ್ಷವೇ ನಾನೂ ಖಾಸಗಿಯಾಗಿ ದ್ವಿತೀಯ ಪಿಯುಸಿ ಕಟ್ಟಿದೆ. ಅರ್ಥಶಾಸ್ತ್ರ, ಇಂಗ್ಲಿಷ್ ಎರಡರಲ್ಲೂ ಫೇಲು. ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ ಐದು ವರ್ಷದ ಗುರಿ ಬರೆದು ಗೋಡೆಗೆ ಅಂಟಿಸಿ, ಸೋಲೇ ಗುರು ಎಂದರು. ಅಂಟಿಸಿದೆ. ಗುರು ಮಾತ್ರ ಏನೂ ಹೇಳಿಕೊಡುತ್ತಿಲ್ಲ.’

ಆ ಕೊನೆಯ ಸಾಲಿಗಾಗಿಯೇ ನಿಮ್ಮ ಪತ್ರ ಆರಿಸಿದೆ ತಾಯಿ. ಶಿಬಿರದವರಿಗೆ ಹೊಳೆಯದ್ದು ನಿಮಗೆ ಹೊಳೆದಿದೆ.

ಗುರಿ ಬೇಡವೆನ್ನುವುದಿಲ್ಲ. ‘ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ಖಚಿತವಾದ, ತುಸು ಕಠಿಣವಾದ ಗುರಿ ಕೊಟ್ಟರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆಂದು ಅಮೆರಿಕದ ಮನಃಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ಬರೆದಿದ್ದಾರೆ. ಅಷ್ಟಕ್ಕೆ ನಮಸ್ಕಾರ. ಆದರೆ ಶಿಬಿರದಲ್ಲಿ ನಿಮಗೆ ಯೇಲ್ ವಿಶ್ವವಿದ್ಯಾಲಯದ ಕಥೆಯನ್ನೂ ಹೇಳಿರಬೇಕು, ಹೇಳದೆ ಬಿಡುವವರಲ್ಲ. 1953ರ ಪದವೀಧರರಲ್ಲಿ ಗುರಿ ಬರೆದಿಟ್ಟಿದ್ದ ಶೇ. 3 ಮಂದಿ, ಇಪ್ಪತ್ತು ವರ್ಷದ ಮೇಲೆ ನೋಡಿದರೆ ಉಳಿದವರೆಲ್ಲರಿಗಿಂತ ಹೆಚ್ಚು ಆಸ್ತಿ ಮಾಡಿದ್ದರಂತೆ. ಅಂಥ ಅಧ್ಯಯನ ನಡೆದೇ ಇಲ್ಲ! ಹುಡುಕಿದವರಿಗೆ ಅದರ ಒಂದು ಹಾಳೆಯೂ ಸಿಕ್ಕಿಲ್ಲ. ಅದೇ 1953ರಲ್ಲಿ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆದದ್ದು ಬೇರೆ: ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಶಾಲೆಯಿಲ್ಲದ ಊರುಗಳಿಗೆ ಹೈಸ್ಕೂಲು ಬಂತು. ಈ ಕಥೆಯನ್ನು ಯಾವ ಶಿಬಿರದಲ್ಲೂ ಹೇಳುವುದಿಲ್ಲ.

ಇನ್ನು ಸೋಲಿನ ಮಾತು. ಶಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2019ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎರಡೇ ಆಯ್ಕೆಯ ಪ್ರಶ್ನೆ ಕೇಳಿ, ಕೆಲವರಿಗೆ ‘ಸರಿ’ ಅಂದರು, ಕೆಲವರಿಗೆ ‘ತಪ್ಪು’. ಇರುವುದೇ ಎರಡು ಆಯ್ಕೆ, ತಪ್ಪೆಂದರೂ ಸರಿಯುತ್ತರ ಗೊತ್ತಾದಂತೆಯೇ. ಆದರೂ ತಪ್ಪೆನಿಸಿಕೊಂಡವರು ಕಲಿತದ್ದು ಕಡಿಮೆ. ಅಭಿಮಾನಕ್ಕೆ ಪೆಟ್ಟು ಬಿದ್ದೊಡನೆ ಗಮನ ಕೆಡುತ್ತದೆ. ಆದರೆ ಬೇರೆಯವರ ಸೋಲು ತೋರಿಸಿದಾಗ ಜನ ಚೆನ್ನಾಗಿಯೇ ಕಲಿತರು!

ನಿಮ್ಮ ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದರೆ ಹೊಳೆಯಂಚಿನ ಭತ್ತದ ಗದ್ದೆಯಲ್ಲಿ, ಒಡ್ಡು ಒಡೆದು ಉಪ್ಪುನೀರು ನುಗ್ಗಿದರೆ, ರೈತ ‘ಮುಂದಿನ ಸಲ ಇಷ್ಟು ಖಂಡುಗ’ ಎಂದು ಗೋಡೆಗೆ ಬರೆಯುತ್ತಾನೆಯೇ? ಏಡಿ ಎಲ್ಲಿ ಕೊರೆದಿದೆ ಎಂದು ಕೆಸರಿಗಿಳಿದು ನೋಡುತ್ತಾನೆ. ನೀವು ಉತ್ತರಪತ್ರಿಕೆಯ ಪ್ರತಿ ತರಿಸಿದಿರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಇದಕ್ಕೆ ಮಾತ್ರ ನಿಮ್ಮನ್ನು ಸ್ವಲ್ಪ ಗದರಲೇಬೇಕು. ಬರೆದವರಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಶುಲ್ಕ ಕಟ್ಟಿದರೆ ಮಂಡಳಿಯೇ ಪ್ರತಿ ಕೊಡುತ್ತದೆ. ಫಲಿತಾಂಶದ ನಂತರ ಸಿಗುವುದು ಕೆಲವೇ ದಿನ, ಅದನ್ನು ದಾಟಿಸಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿರುವುದರಿಂದ ಮುಂದಿನ ವರ್ಷದವರೆಗೆ ಕಾಯುವ ಕಾಲವೂ ಇದಲ್ಲ. ಪ್ರತಿ ಬಂದ ಮೇಲೆ ಒಬ್ಬರೇ ಕೂತು ಓದಬೇಡಿ. ಮಗಳಿಂದ ಗಟ್ಟಿಯಾಗಿ ಓದಿಸಿ, ಬೇರೆ ಯಾರೋ ಬರೆದದ್ದೆಂಬಂತೆ ಕೇಳಿ. ಗೊತ್ತಿಲ್ಲದೆ ಬಿಟ್ಟದ್ದೆಷ್ಟು, ಗೊತ್ತಿದ್ದೂ ಹೊತ್ತು ಸಾಲದೆ ಬಿಟ್ಟದ್ದೆಷ್ಟು? ಎರಡಕ್ಕೂ ಮದ್ದು ಬೇರೆ ಬೇರೆ.

ಆದರೆ ಆಮೇಲೆ ಅರ್ಥಶಾಸ್ತ್ರ ಹೇಳಿಕೊಡುವವರು ಯಾರು? ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಮಕ್ಕಳ ಟ್ಯೂಶನ್ ಬೋರ್ಡುಗಳಿಗೆ ಬರವಿಲ್ಲ. ನಲವತ್ತು ದಾಟಿದವರು ಹೋಗಿ ನಿಂತರೆ ‘ಯಾರನ್ನು ಸೇರಿಸಬೇಕಿತ್ತು?’ ಎನ್ನುತ್ತಾರೆ. ಮಷೀನು ನಿಲ್ಲಿಸಿ ಗ್ರಂಥಾಲಯಕ್ಕೆ ಓಡಿದರೆ ಅಲ್ಲಿ ಬೀಗ. ತೆರೆದ ದಿನ ಹೋದರೋ, ಕಪಾಟಿನ ಮುಂಸಾಲಿನಲ್ಲಿ ಯಶಸ್ಸಿನ ಸೂತ್ರಗಳ ಪುಸ್ತಕ, ಪಿಯುಸಿ ಪಠ್ಯ ಕೇಳಿದರೆ ಹಿಂದೆಲ್ಲೋ ಇದೆ ಎಂಬ ಉತ್ತರ. ಶಿಬಿರಕ್ಕೆ ಸಭಾಭವನ, ಶಾಲು, ಹಾರ ಎಲ್ಲ ಹೊಂದುತ್ತದೆ. ಸಂಜೆ ತರಗತಿಗೆ ಒಂದು ಕೋಣೆ, ಒಂದು ದೀಪ ಹೊಂದುವುದಿಲ್ಲ.

ಕುಮಟಾ ಸುತ್ತಿನ ನಿವೃತ್ತ ಅರ್ಥಶಾಸ್ತ್ರ, ಇಂಗ್ಲಿಷ್ ಉಪನ್ಯಾಸಕರು ಭಾನುವಾರ ಎರಡು ತಾಸು ಕೊಡುವಂತಿದ್ದರೆ ನಮಗೆ ಬರೆಯಲಿ. ಈ ಓದುಗರಿಗೆ ತಲುಪಿಸುತ್ತೇವೆ.

— ಸಂ.