ಹೋಗಿ, ಆದರೆ ರಾತ್ರಿಗೆ ಒಂದು ಜೊತೆ ಒಣ ಬಟ್ಟೆ ಉಳಿಸಿಕೊಳ್ಳಿ

ನಿಮ್ಮ ಪ್ರಶ್ನೆ ಇದು: ಆರು ಜನ ಗೆಳೆಯರು ಶನಿವಾರ ಬೆಟ್ಟ ಹತ್ತಿ, ರಾತ್ರಿ ಟೆಂಟ್‌ನಲ್ಲಿ ಉಳಿದು, ಭಾನುವಾರ ಇಳಿಯಬೇಕು ಅಂತಿದ್ದೀರಿ. ಎರಡೂ ದಿನ ಮಳೆ ಅಂತ ಹವಾಮಾನ ವರದಿ ಹೇಳುತ್ತಿದೆ. ಇಬ್ಬರಿಗೆ ಇದೇ ಮೊದಲ ಸಲ. ಹೋಗುವುದಾ, ಬಿಡುವುದಾ?

ಬರೀ ಮಳೆಯಾದರೆ ಹೋಗಿ. ಗುಡುಗು ಸಿಡಿಲು ಇದೆ ಅಂತ ವರದಿಯಲ್ಲಿದ್ದರೆ, ಅಥವಾ ದಾರಿಯಲ್ಲಿ ಸೇತುವೆ ಇಲ್ಲದ ಹಳ್ಳ ದಾಟಬೇಕಿದ್ದರೆ, ಈ ವಾರ ಬಿಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡಿ. ದಿನವಿಡೀ ಮಳೆಯಲ್ಲಿ ನಡೆದರೆ ನೀವು ನೆನೆದೇ ನೆನೆಯುತ್ತೀರಿ. ಎಷ್ಟು ಒಳ್ಳೆಯ ರೇನ್‌ಕೋಟ್ ಇದ್ದರೂ ಅಷ್ಟೇ. ಹೊರಗಿನ ನೀರು ಕುತ್ತಿಗೆಯಿಂದ, ತೋಳಿನ ತುದಿಯಿಂದ ಒಳಗಿಳಿಯುತ್ತದೆ. ಏರು ಹತ್ತುವಾಗ ಬಂದ ಬೆವರು ಹೊರಗೆ ಹೋಗಲಾಗದೆ ಒಳಗೇ ನಿಲ್ಲುತ್ತದೆ. ನಡೆಯುತ್ತಿರುವಷ್ಟು ಹೊತ್ತು ಇದರಿಂದ ದೊಡ್ಡ ತೊಂದರೆ ಇಲ್ಲ, ಮೈ ಬಿಸಿಯಾಗೇ ಇರುತ್ತದೆ. ಕಷ್ಟ ಶುರುವಾಗುವುದು ನಿಂತ ಮೇಲೆ. ಅದಕ್ಕೇ ನಾನು ಕಾಪಾಡುವುದು ಎರಡನ್ನು ಮಾತ್ರ: ರಾತ್ರಿಗೆ ಒಂದು ಜೊತೆ ಒಣ ಬಟ್ಟೆ, ಮತ್ತೆ ಒಣ ಸ್ಲೀಪಿಂಗ್ ಬ್ಯಾಗ್. ಉಳಿದದ್ದೆಲ್ಲ ನೆನೆಯಲಿ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ. ನಾವು ಐದು ಜನ ಇದೇ ಥರ ಒಂದು ಶನಿವಾರ ಹೊರಟಿದ್ದೆವು. ಬೆಳಗ್ಗೆ ಸಣ್ಣ ಹನಿ, ಮಧ್ಯಾಹ್ನದ ಹೊತ್ತಿಗೆ ಬಿಡದೆ ಸುರಿಯುವ ಮಳೆ. ಕಾಡು ಮುಗಿದು ಬಯಲಾದ ಏರು ಬಂದ ಮೇಲೆ ಗಾಳಿಯೂ ಸೇರಿಕೊಂಡಿತು. ಬೆಟ್ಟದ ತುದಿಯಲ್ಲೇ ಟೆಂಟ್ ಹಾಕಬೇಕು ಅಂತ ನಮ್ಮ ಲೆಕ್ಕ. ಸಾಯಂಕಾಲ ನಾಲ್ಕರ ಹೊತ್ತಿಗೆ, ಇನ್ನು ಒಂದು ಗಂಟೆಯ ದಾರಿ ಇರುವಾಗ, ಒಂದು ಬಂಡೆಯ ಮರೆಯಲ್ಲಿ ನಿಂತೆವು.

ನಮ್ಮಲ್ಲೊಬ್ಬ ಗೆಳೆಯ ದಾರಿಯುದ್ದಕ್ಕೂ ಮಾತಾಡುವವನು. ಅವನು ಸುಮಾರು ಹೊತ್ತಿನಿಂದ ಸುಮ್ಮನಿದ್ದ. ಸುಸ್ತಾಗಿರಬೇಕು ಅಂದುಕೊಂಡೆ. ನಿಂತಾಗ ಅವನು ಸೊಂಟದ ಪಟ್ಟಿಯ ಬಕಲ್ ಬಿಚ್ಚಲು ಹೋದ. ಎರಡೂ ಬದಿ ಒತ್ತಿದರೆ ಬಿಚ್ಚಿಕೊಳ್ಳುವ ಸಾಮಾನ್ಯ ಬಕಲ್ ಅದು. ಅವನ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬಕಲ್ ಮೇಲೆ ಬೆರಳಿಟ್ಟ, ಒತ್ತಲು ಆಗಲಿಲ್ಲ. ಅಂಗೈಯಿಂದ ಒತ್ತಿ ನೋಡಿದ. ಆಮೇಲೆ ಪ್ರಯತ್ನವನ್ನೇ ಬಿಟ್ಟು, ಬ್ಯಾಗ್ ಸಮೇತ ಕಲ್ಲಿನ ಮೇಲೆ ಕೂತುಬಿಟ್ಟ. ಯಾರನ್ನೂ ಕೇಳಲಿಲ್ಲ. ನನಗೆ ಭಯವಾದದ್ದು ಅವನು ಕೇಳದೇ ಇದ್ದದ್ದಕ್ಕೆ.

ಮೈಯೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ಹಿಮ ಬೀಳುವ ಕಡೆ ಮಾತ್ರ ಆಗುವಂಥದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 10 ಡಿಗ್ರಿ ಇದ್ದರೂ ಒದ್ದೆ ಬಟ್ಟೆ, ಗಾಳಿ, ಸುಸ್ತು, ಖಾಲಿ ಹೊಟ್ಟೆ ಒಟ್ಟಿಗೆ ಸೇರಿದರೆ ಸಾಕು. ಎತ್ತರಕ್ಕೆ ಹೋದಂತೆ ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ತಂಪಾಗುತ್ತದೆ. ಬುಡದಲ್ಲಿ 18 ಡಿಗ್ರಿ ಹಿತವಾಗಿತ್ತು ಅಂತ ಹೊರಟವರಿಗೆ ತುದಿಯ ಗಾಳಿಯಲ್ಲಿ ಅದು ಬೇರೆಯೇ ಊರು. ಮೊದಲು ನಡುಕ ಬರುತ್ತದೆ. ಆಮೇಲೆ ಕೈ ಮಾತು ಕೇಳುವುದಿಲ್ಲ, ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಸುಮ್ಸುಮ್ನೆ ಸಿಟ್ಟು ಬರುತ್ತದೆ, ಇಲ್ಲವೇ ಮೌನ. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅದು ಇನ್ನೂ ಕೆಟ್ಟದ್ದು, ಆಗ ತಡಮಾಡದೆ ಸಹಾಯಕ್ಕೆ ಕರೆಯಬೇಕು. ಆ ಸ್ಥಿತಿಯಲ್ಲಿರುವವನಿಗೆ ತಾನು ಆ ಸ್ಥಿತಿಯಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಜೊತೆಗಿರುವವರೇ ನೋಡಬೇಕು.

ಒಬ್ಬರು "ಇನ್ನೊಂದೇ ಗಂಟೆ ಅಲ್ವಾ, ತುದಿಗೇ ಹೋಗಿಬಿಡೋಣ" ಅಂದರು. ನಾವು ಹೋಗಲಿಲ್ಲ. ಬಂದ ದಾರಿಯಲ್ಲೇ ಇಪ್ಪತ್ತು ನಿಮಿಷ ಇಳಿದು, ಕಾಡಿನ ಅಂಚಿನಲ್ಲಿ ಗಾಳಿ ಕಡಿಮೆ ಇರುವ ಜಾಗದಲ್ಲಿ ಟೆಂಟ್ ಹಾಕಿದೆವು. ಅವನ ಬ್ಯಾಗ್ ತೆಗೆದರೆ ಒಳಗಿದ್ದದ್ದೆಲ್ಲ ಒದ್ದೆ. ಸ್ವೆಟರ್ ಹಿಂಡಿದರೆ ಧಾರೆಯಾಗಿ ನೀರು. ಬ್ಯಾಗಿಗೆ ಮೇಲಿನಿಂದ ಕವರ್ ಹಾಕಿದ್ದ, ಅಷ್ಟು ಸಾಕು ಅಂತ ನಂಬಿದ್ದ. ಬೆನ್ನಿಗೆ ತಾಗುವ ಬದಿಗೆ ಆ ಕವರ್ ಇರುವುದೇ ಇಲ್ಲ. ಅಲ್ಲಿಂದ ಇಳಿದ ನೀರು ಕವರಿನ ತಳದಲ್ಲಿ ಬಟ್ಟಲಿನಂತೆ ನಿಂತಿತ್ತು. ಒಬ್ಬರ ಉಣ್ಣೆಯ ಸ್ವೆಟರ್, ಇನ್ನೊಬ್ಬರ ಪ್ಯಾಂಟ್, ನನ್ನ ಕಾಲುಚೀಲ, ಹೀಗೆ ಕೂಡಿಸಿ ಅವನಿಗೆ ಒಂದು ಜೊತೆ ಮಾಡಿದೆವು. ಒದ್ದೆಯನ್ನೆಲ್ಲ ತೆಗೆಸಿ, ಒರೆಸಿ, ಒಣ ಬಟ್ಟೆ ಹಾಕಿಸಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿದೆವು. ಕೆಳಗೆ ಎರಡು ಮ್ಯಾಟ್ ಹಾಕಿದೆವು, ಯಾಕೆಂದರೆ ನೆಲ ಕೂಡ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಲೋಟ ಹಿಡಿದು ತಾನೇ ಕುಡಿಯುವಷ್ಟು ಎಚ್ಚರ ಇದ್ದುದರಿಂದ ಸಕ್ಕರೆ ಹಾಕಿದ ಬಿಸಿನೀರು ಕೊಟ್ಟೆವು. ಕೈಕಾಲು ಗಸಗಸ ಉಜ್ಜಬಾರದು, ಮದ್ಯ ಕೊಡಲೇಬಾರದು. ಕುಡಿದರೆ ಬೆಚ್ಚಗಾದಂತೆ ಅನಿಸುತ್ತದೆ ಅಷ್ಟೇ, ಒಳಗಿನ ಬಿಸಿ ಇನ್ನೂ ಬೇಗ ಹೊರಗೆ ಹೋಗುತ್ತದೆ.

ಸುಮಾರು ಮುಕ್ಕಾಲು ಗಂಟೆಯಾದ ಮೇಲೆ ಅವನು ಬಾಯಿ ತೆರೆದ. ತನ್ನ ಮ್ಯಾಟ್ ಮೇಲೆ ಯಾರು ಕೆಸರು ಕಾಲಿಟ್ಟದ್ದು ಅಂತ ಜಗಳ ತೆಗೆದ. ಆ ಜಗಳ ಕೇಳಿ ನನಗೆ ಆದ ಸಮಾಧಾನ ಹೇಳತೀರದು.

ಆವತ್ತಿನಿಂದ ನಾನು ಬ್ಯಾಗ್ ತುಂಬುವ ರೀತಿಯೇ ಬದಲಾಯಿತು. ಮೊದಲು ಬ್ಯಾಗಿನ ಒಳಗೆ ಒಂದು ದೊಡ್ಡ, ದಪ್ಪ ಪ್ಲಾಸ್ಟಿಕ್ ಚೀಲ. ಅದರೊಳಗೆ ಎಲ್ಲ ಸಾಮಾನು. ಸ್ಲೀಪಿಂಗ್ ಬ್ಯಾಗಿಗೆ ಮತ್ತು ರಾತ್ರಿ ಬಟ್ಟೆಗೆ ಒಂದೊಂದು ಬೇರೆ ಚೀಲ, ಬಾಯಿ ತಿರುಚಿ ಗಂಟು ಹಾಕಿ. ಹಕ್ಕಿಯ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಆದರೆ ಇನ್ನೂ ಜಾಸ್ತಿ ಎಚ್ಚರ ಬೇಕು, ನೆನೆದರೆ ಪುಕ್ಕ ಮುದ್ದೆಯಾಗಿ ಬೆಚ್ಚಗಿಡುವ ಗುಣವೇ ಹೋಗುತ್ತದೆ. ನಡೆಯುವಾಗ ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ.

ಇನ್ನು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ, ಈಗಲೂ ಜನ ಅದನ್ನೇ ಹಿಡಿಯುತ್ತಾರೆ. ಹೆಚ್ಚುಕಡಿಮೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ದೂರ, 900 ಮೀಟರ್ ಏರು ಅಂದರೆ ಮೂರು ಗಂಟೆ ಚಿಲ್ಲರೆ. ಅದು ಒಣ ದಾರಿಯಲ್ಲಿ, ಗಟ್ಟಿ ಕಾಲಿನವರಿಗೆ. ಮಳೆ, ಬೆನ್ನ ಮೇಲೆ ಭಾರ, ಇಬ್ಬರು ಹೊಸಬರು ಇದ್ದರೆ ನಾನು ಅದಕ್ಕೆ ಇನ್ನರ್ಧ ಸೇರಿಸುತ್ತೇನೆ, ಅಂದರೆ ಐದು ಗಂಟೆ ಹತ್ತಿರ. ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲು ಟೆಂಟ್ ನಿಂತಿರಬೇಕು. ಆ ಹೊತ್ತನ್ನು ಮನೆಯಲ್ಲೇ ಗೊತ್ತುಮಾಡಿ, ಆರೂ ಜನ ಒಪ್ಪಿಕೊಂಡು ಹೊರಡಿ. "ಮೂರು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ಮುಂದೆ ಹೋಗಲ್ಲ" ಅಂತ ಮೊದಲೇ ಮಾತಾಗಿದ್ದರೆ, ಮಳೆಯಲ್ಲಿ ನಿಂತು ವಾದ ಮಾಡಬೇಕಾಗುವುದಿಲ್ಲ. ನಾವು ಅವತ್ತು ಅಂಥ ಮಾತು ಮಾಡಿಕೊಂಡಿರಲಿಲ್ಲ.

ಹಳ್ಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನೀವಿರುವ ಕಡೆ ಮಳೆ ನಿಂತಿದ್ದರೂ ಮೇಲೆ ಸುರಿದ ನೀರು ಆಮೇಲೆ ಬರುತ್ತದೆ. ನೀರು ಕೆಂಪಾಗಿ, ಕಡ್ಡಿ ಕಸ ಹೊತ್ತು ಹರಿಯುತ್ತಿದ್ದರೆ ಕಾಲಿಡಬೇಡಿ. ಜೋರಾಗಿ ಹರಿಯುವ ನೀರು ಮೊಣಕಾಲಿಗಿಂತ ಕೆಳಗಿದ್ದರೂ ಆಳನ್ನು ಕೆಡವುತ್ತದೆ. ಬೆಳಗ್ಗೆ ಆರಾಮಾಗಿ ದಾಟಿದ ಹಳ್ಳ ಸಾಯಂಕಾಲ ದಾಟಲು ಆಗದಂತೆ ಇರಬಹುದು. ಕಾಯಿರಿ, ಮಳೆ ನಿಂತರೆ ಸಣ್ಣ ಹಳ್ಳ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ.

ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತಲೇ ಲೆಕ್ಕ. ಮಿಂಚಿದ ಮೇಲೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ತುದಿ, ಏಣು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲೆ ಹತ್ತಬೇಡಿ. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ.

ಟೆಂಟ್ ಹಾಕುವುದರಲ್ಲೇ ರಾತ್ರಿಯ ಅರ್ಧ ಸುಖ ಇದೆ. ಚಪ್ಪಟೆ ತಗ್ಗು ಜಾಗ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಮಧ್ಯರಾತ್ರಿ ಅಲ್ಲೇ ನೀರು ಬಂದು ನಿಲ್ಲುತ್ತದೆ. ಸ್ವಲ್ಪ ಉಬ್ಬಿದ, ನೀರು ಹರಿದುಹೋಗುವ ಜಾಗ ಹುಡುಕಿ. ತಲೆಯೆತ್ತಿ ಒಣಗಿದ ಕೊಂಬೆ ಇದೆಯಾ ನೋಡಿ. ಟೆಂಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿಗಿಂತ ಒಂದಿಂಚೂ ಹೊರಗೆ ಚಾಚಬಾರದು. ಚಾಚಿದರೆ ಮೇಲಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ಬಿಡುತ್ತದೆ. ಹೊರ ಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ಗೂಟ ಬಿಗಿಯಾಗಿ ಎಳೆಯಿರಿ. ಒದ್ದೆಯಾದ ಹೊದಿಕೆ ಜೋಲುತ್ತದೆ, ಅದಕ್ಕೆ ಮಲಗುವ ಮುಂಚೆ ಇನ್ನೊಂದು ಸಲ ಎಳೆದು ಕಟ್ಟಿ.

ಟೆಂಟ್ ಬಾಡಿಗೆಗೆ ತರುವುದಾದರೆ ಅದರ ಮೇಲೆ 2000 ಅಥವಾ 3000 ಮಿಲಿಮೀಟರ್ ಅಂತ ಬರೆದದ್ದು ಕಾಣುತ್ತದೆ. ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ಸೋರದೆ ತಡೆಯುತ್ತದೆ ಅಂತ ಅರ್ಥ. ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿದೆಯಾ, ಅದು ಕಿತ್ತುಬಂದಿದೆಯಾ, ಅದನ್ನೂ ನೋಡಿ. ಬಟ್ಟೆ ಚೆನ್ನಾಗಿದ್ದರೂ ಹೊಲಿಗೆಯಲ್ಲಿ ಸೋರುತ್ತದೆ.

ಬೆಳಗ್ಗೆ ಎದ್ದಾಗ ಒಳಗೋಡೆ ಒದ್ದೆ ಇದ್ದರೆ ಟೆಂಟ್ ಸೋರಿದೆ ಅಂತ ಗಾಬರಿಯಾಗಬೇಡಿ. ಅದು ಹೆಚ್ಚಾಗಿ ನಿಮ್ಮದೇ ಉಸಿರು, ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು. ಮಳೆ ಅಂತ ಗಾಳಿಕಿಂಡಿ ಮುಚ್ಚಿದರೆ ಇನ್ನೂ ಜಾಸ್ತಿ ಆಗುತ್ತದೆ. ತೆರೆದೇ ಇಡಿ. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ: ಎಷ್ಟೇ ಮಳೆ ಇರಲಿ, ಸ್ಟೌ ಆಗಲಿ ಕೆಂಡ ಆಗಲಿ ಟೆಂಟಿನ ಒಳಗೆ ಬೇಡ. ಬೆಂಕಿಯ ಅಪಾಯ ಒಂದು. ಅದಕ್ಕಿಂತ ಹೆಚ್ಚಿನದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬಿಸಿನೀರು ಬೇಕಿದ್ದರೆ ಹೊರಗೆ, ಮರಗಳ ನಡುವೆ ತಲೆಯೆತ್ತರಕ್ಕೆ ಟಾರ್ಪಾಲಿನ್ ಕಟ್ಟಿ ಅದರ ಕೆಳಗೆ ಕಾಯಿಸಿ.

ಭಾನುವಾರ ಬೆಳಗ್ಗೆ ನಿಮಗೆಲ್ಲ ಒಂದು ಕಷ್ಟದ ಕೆಲಸ ಇದೆ. ಒಣ ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಬೇಕು, ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಒದ್ದೆ ಕಾಲುಚೀಲ ಬೆರಳಿಗೆ ತಾಗಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಹೊಸಬರು ಇಲ್ಲೇ ಸೋಲುವುದು, "ಹೇಗೂ ಇವತ್ತು ಇಳಿಯೋದೇ ತಾನೇ" ಅಂತ ಒಣ ಬಟ್ಟೆಯಲ್ಲೇ ಹೊರಡುತ್ತಾರೆ. ಇಳಿಯುವಾಗ ಕಾಲು ಉಳುಕಿತು, ದಾರಿ ತಪ್ಪಿತು, ಇನ್ನೊಂದು ರಾತ್ರಿ ಉಳಿಯಬೇಕಾಯಿತು ಅಂದರೆ ಆಗ ಒಣಗಿದ್ದು ಏನೂ ಉಳಿದಿರುವುದಿಲ್ಲ. ಹತ್ತು ನಿಮಿಷ ನಡೆದರೆ ಒದ್ದೆ ಬಟ್ಟೆಯೂ ಬೆಚ್ಚಗಾಗುತ್ತದೆ, ನಿಜವಾಗಿಯೂ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಒದ್ದೆ ಬೇರು ಮತ್ತು ಪಾಚಿಗಟ್ಟಿದ ಕಲ್ಲು ಎರಡರ ಮೇಲೂ ಕಾಲಿಡಬೇಡಿ, ದಾಟಿ ಹೋಗಿ.

ಇಷ್ಟೆಲ್ಲ ಓದಿ ನಿಮಗೆ ಹೆದರಿಕೆಯಾಗಿದ್ದರೆ, ಅವತ್ತಿನ ರಾತ್ರಿಯ ಉಳಿದ ಭಾಗವನ್ನೂ ಹೇಳಬೇಕು. ಇಬ್ಬರ ಟೆಂಟಿನಲ್ಲಿ ಐದೂ ಜನ ಮೊಣಕಾಲು ಮಡಚಿ ಕೂತಿದ್ದೆವು. ಒಂದು ಟಾರ್ಚನ್ನು ನೀರಿನ ಬಾಟಲಿಯ ಕೆಳಗಿಟ್ಟಿದ್ದೆವು, ಬಾಟಲಿಯೇ ದೀಪದಂತೆ ಬೆಳಗುತ್ತಿತ್ತು. ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಫೋನುಗಳಿಗೆ ಸಿಗ್ನಲ್ ಇರಲಿಲ್ಲ. ಎಷ್ಟೋ ವರ್ಷದಿಂದ ಗೊತ್ತಿದ್ದವರು ಒಬ್ಬರಿಗೊಬ್ಬರು ಹೇಳದೇ ಇದ್ದ ವಿಷಯಗಳನ್ನು ಆ ರಾತ್ರಿ ಹೇಳಿಕೊಂಡರು. ಬೆಳಗಿನ ಜಾವ ಮಳೆ ನಿಂತಿತು. ಹೊರಗೆ ಬಂದು ನೋಡಿದರೆ ಮೋಡ ನಮ್ಮ ಕೆಳಗಿತ್ತು, ಕಣಿವೆ ತುಂಬ ಬಿಳಿ. ಆ ಐದು ಜನ ಈಗಲೂ ಒಟ್ಟಿಗೇ ಬೆಟ್ಟಕ್ಕೆ ಹೋಗುತ್ತೇವೆ. ಮಳೆಯಲ್ಲೂ.

ನಿಮ್ಮ ಇಬ್ಬರು ಹೊಸಬರಿಗೆ ತಲಾ ಒಬ್ಬ ಹಳಬರನ್ನು ಜೋಡಿ ಮಾಡಿ. ಗಂಟೆಗೊಮ್ಮೆ ನಿಂತಾಗ ಹಳಬರು ಅವರ ಕೈ ನೋಡಲಿ: ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಆಗುತ್ತಿದೆಯಾ, ಜಿಪ್ ಎಳೆಯಲು ಆಗುತ್ತಿದೆಯಾ ಅಂತ. ಆಗದಿದ್ದರೆ ಅಲ್ಲೇ ನಿಲ್ಲಿ, ಬಟ್ಟೆ ಬದಲಿಸಿ, ಗಾಳಿ ಇಲ್ಲದ ಕಡೆ ಇಳಿಯಿರಿ. ಗುಂಪಿಗೆ ಒಂದು ಜೊತೆ ಹೆಚ್ಚಿನ ಒಣ ಬಟ್ಟೆ ಯಾರಾದರೂ ಹೊತ್ತಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸು, ಅಂತ ಮನೆಯಲ್ಲೊಬ್ಬರಿಗೆ ಬರೆದು ಕೊಟ್ಟು ಹೊರಡಿ.

ಶುಕ್ರವಾರ ರಾತ್ರಿ ಎಲ್ಲ ತುಂಬಿ ಮುಗಿದ ಮೇಲೆ, ಬ್ಯಾಗನ್ನು ಬಚ್ಚಲಲ್ಲಿ ಶವರ್ ಕೆಳಗೆ ಐದು ನಿಮಿಷ ನಿಲ್ಲಿಸಿ. ಆಮೇಲೆ ಕೈ ಒರೆಸಿಕೊಂಡು, ರಾತ್ರಿ ಬಟ್ಟೆಯ ಚೀಲದ ಒಳಗೆ ಬೆರಳು ಹಾಕಿ ನೋಡಿ. ತೇವ ಸಿಕ್ಕಿದರೆ ಆಗಲೇ ಎಲ್ಲ ಹೊರಗೆ ತೆಗೆದು, ಒಣಗಿಸಿ, ಚೀಲ ಬದಲಿಸಿ ಮತ್ತೆ ತುಂಬಿ.