ಚೆಸ್ ಆಡುವಾಗ ಚಾಟ್‌ಗೆ ಉತ್ತರ ಕೊಡಲೇಬೇಕಾ?
ಆಟದ ಮಧ್ಯೆ ಎದುರಾಳಿ ಮೆಸೇಜ್ ಹಾಕಿದಾಗ ಉತ್ತರ ಕೊಡದಿದ್ದರೆ ಸೊಕ್ಕು ಅಂದ್ಕೊಳ್ತಾರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಗಡಿಯಾರ ಓಡುತ್ತಿರುವಾಗ ಸುಮ್ಮನಿರುವುದೇ ಮರ್ಯಾದೆ. ಎದುರಾಳಿಯ ಗಮನ ಕೆಡಿಸುವ ಹಾಗಿಲ್ಲ ಅಂತ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ 11.5ರಲ್ಲೇ ಇದೆ, ಸುಮ್ನೆ ಮತ್ತೆ ಮತ್ತೆ ಡ್ರಾ ಕೇಳುವುದೂ ಅದರಲ್ಲೇ ಸೇರುತ್ತದೆ. ಅದು ಎದುರುಬದುರು ಕೂತು ಆಡುವವರಿಗೆ ಬರೆದದ್ದು, ಆದರೆ ಮೊಬೈಲ್‌ನಲ್ಲಿ ಆಡುವವರಿಗೂ ತಲೆ ಕೆಡುತ್ತದೆ ಅಲ್ವಾ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಶುರುವಿಗೆ ಹಾಯ್, ಗುಡ್ ಲಕ್, ಮುಗಿದ ಮೇಲೆ ಗುಡ್ ಗೇಮ್, ಥ್ಯಾಂಕ್ಯೂ ಹೇಳಲು ಗುಂಡಿಗಳೇ ಇವೆ. ಅಷ್ಟು ಸಾಕು.

ಒಮ್ಮೆ ನನ್ನ ರಾಣಿ ಹೋದ ತಕ್ಷಣ ಒಬ್ಬರು 'ಜಿಜಿ' (ಗುಡ್ ಗೇಮ್) ಅಂತ ಹಾಕಿದರು, ತುಂಬಾ ನೋವಾಯಿತು. ಆ ಮಾತನ್ನು ಸೋತವರೇ ಮೊದಲು ಹೇಳಲಿ. ಬೈಗುಳ ಬಂದರೆ ಚಾಟ್ ಮುಚ್ಚಿ ರಿಪೋರ್ಟ್ ಮಾಡಿ, ತಿರುಗಿ ಬೈಯಬೇಡಿ.